ಮೂರನೆಯ ಆರತಿ

ನಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಏಳು ವರ್ಷಗಳಿಂದ ಅತಿಥಿಯಾಗಿಯೇ ಇದ್ದೇನೆ. ಯಾವ ಮನೆಯಲ್ಲಿಯೂ ಅತಿಥಿಯನ್ನು ಇಷ್ಟು ಕಾಲ ಇರಿಸಿಕೊಳ್ಳುವುದಿಲ್ಲ. ಅತಿಥಿಯ ಕೈಯಿಂದ ಪರೀಕ್ಷಾ ಕೊಠಡಿಯ ಬೆಂಚುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆಸುವುದೂ ಇಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ನಾನು ತಪ್ಪಿದರೆ ತಿದ್ದುವವರು ಮನೆಯಲ್ಲಿ ಯಾರೂ ಇಲ್ಲವೆಂಬ ಅಂಜಿಕೆಯಿಂದ ಎರಡು ಸಾಲಿನ ರಜಾ ಅರ್ಜಿಯನ್ನೂ ಮೂರು ಸಲ ಓದಿ ಕೊಡುತ್ತೇನೆ.

ಬೇಸಿಗೆಯ ವಿಷಯದಲ್ಲಿ ನಮ್ಮ ಸಿಬ್ಬಂದಿ ಕೊಠಡಿ ಎರಡು ಭಾಗವಾಗಿತ್ತು. ಕಾಯಂ ಆದವರಿಗೆ ಅದು ರಜೆ. ನನ್ನಂಥವರಿಗೆ, ಮುಂದಿನ ವರ್ಷ ಮತ್ತೆ ಕರೆಯುವರೋ ಇಲ್ಲವೋ ಎಂದು ಕಾಯುವ ಕಾಲ. ಕರೆಯಬೇಕೆಂದು ಶಿಫಾರಸು ಬರೆಯುವವರು ವಿಭಾಗದ ಮುಖ್ಯಸ್ಥರು. ಅವರು ಸಜ್ಜನರು. ಕೇಳಿದ್ದಕ್ಕೆ ಇಲ್ಲವೆಂದು ಹೇಳಿದವರು ಇಲ್ಲದ್ದರಿಂದ ಅವರ ಸಜ್ಜನಿಕೆಗೆ ಎಂದೂ ಪರೀಕ್ಷೆ ಒದಗಿರಲಿಲ್ಲ.

ಆ ವರ್ಷ ಋತುಮಾನದ ಆಚರಣೆಗಳ ಕುರಿತು ಒಂದು ವಿಚಾರ ಸಂಕಿರಣ ಏರ್ಪಾಡಾಯಿತು. ನಾನು ಒಂದು ಪ್ರಬಂಧ ಬರೆದೆ. ‘ನಮ್ಮೂರಮ್ಮನ ಆರತಿ’ ಎಂದು ಹೆಸರಿಟ್ಟಿದ್ದೆ. ಮುಖ್ಯಸ್ಥರು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ‘ಬೇಸಿಗೆಯ ಪೇಗನ್ ಆಚರಣೆಗಳು: ಒಂದು ಅವಲೋಕನ’ ಎಂದು ಮಾಡಿದರು.

“ಪೇಗನ್ ಅಂದ್ರೆ ವೇದ, ಶಾಸ್ತ್ರ ಬರೋದಕ್ಕೂ ಮುಂಚಿನದು. ಮಣ್ಣು, ಮಳೆ, ಬಿಸಿಲು ಇವನ್ನೇ ಪೂಜೆ ಮಾಡೋ ಜನ. ಆ ಪದ ಇಲ್ದೆ ಹೋದ್ರೆ ಯಾರೂ ಓದಲ್ಲ ನೋಡಮ್ಮ” ಎಂದರು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಒಳಗಿನ ವಾಕ್ಯಗಳೂ ಹೆಸರಿಗೆ ತಕ್ಕಂತೆ ಇರಬೇಕೆಂದು ತೋರಿತು. ‘ಈ ಸಮುದಾಯದ ಮಹಿಳೆಯರು ತಾಪಶಮನದ ಸಂಕೇತವಾಗಿ ಧಾನ್ಯಮೂಲದ ದೀಪಗಳನ್ನು ಶಿರದ ಮೇಲೆ ಧರಿಸುತ್ತಾರೆ’ ಎಂದು ಬರೆದೆ. ಈ ಸಮುದಾಯದ ಮಹಿಳೆಯರು ಎಂದರೆ ನಮ್ಮ ಅವ್ವ, ಪಕ್ಕದ ಮನೆಯ ದೊಡ್ಡವ್ವ ಮತ್ತು ಊರಿನ ಉಳಿದ ಹೆಂಗಸರು. ಧಾನ್ಯಮೂಲದ ದೀಪವೆಂದರೆ ತಂಬಿಟ್ಟು. ಹುರಿದ ಅಕ್ಕಿಹಿಟ್ಟು, ಹುರಿಗಡಲೆ, ಬೆಲ್ಲದ ಪಾಕ, ಕೊಬ್ಬರಿ ಸೇರಿಸಿ ಗೋಪುರದಂತೆ ಕಟ್ಟಿ, ನೆತ್ತಿಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ, ತುಪ್ಪದ ಬತ್ತಿ ಇಟ್ಟು ಹಚ್ಚುತ್ತೇವೆ. ಸಂಕಿರಣದಲ್ಲಿ ಒಬ್ಬರು ಎದ್ದು, ಇದಕ್ಕಾಗಿ ಎಷ್ಟು ದಿನ ಕ್ಷೇತ್ರಕಾರ್ಯ ಮಾಡಿದಿರಿ ಎಂದು ಕೇಳಿದರು. ಹುಟ್ಟಿದಂದಿನಿಂದ ಎಂದು ಹೇಳಬೇಕಾಗಿತ್ತು. “ಹಲವು ವರ್ಷಗಳ ನಿರಂತರ ಸಂಪರ್ಕವಿದೆ ಸರ್” ಎಂದೆ. ಚಪ್ಪಾಳೆ ಬಂತು.

ಚಪ್ಪಾಳೆಗೆ ಮುಖ್ಯಸ್ಥರೂ ಹಿಗ್ಗಿದರು. ಈ ಸಲದ ಆರತಿಗೆ ತಾವೇ ಬಂದು ನೋಡುವುದಾಗಿ, ಸಂಕಿರಣದ ಪುಸ್ತಕಕ್ಕೆ ಫೋಟೊಗಳನ್ನು ತೆಗೆಯುವುದಾಗಿ ವೇದಿಕೆಯ ಮೇಲೆಯೇ ಘೋಷಿಸಿದರು.

ನಮ್ಮೂರು ಕುಣಿಗಲ್ ತಾಲ್ಲೂಕಿನಲ್ಲಿ ಅಮೃತೂರು ದಾಟಿ ಮೂರು ಕಿಲೋಮೀಟರು. ಯುಗಾದಿ ಕಳೆದ ಮೂರನೆಯ ಮಂಗಳವಾರ ಅಲ್ಲಿ ಆರತಿ. ಭರಣಿ ಮಳೆ ಬರುವ ಮೊದಲು ಊರಮ್ಮನನ್ನು ತಣ್ಣಗೆ ಮಾಡಬೇಕು. ಅವಳು ಕಾದು ಕೂತಿದ್ದರೆ ನೆಲವೂ ಕಾಯುತ್ತದೆ, ಮಕ್ಕಳ ಮೈಯೂ ಕಾಯುತ್ತದೆ ಎಂಬುದು ನಂಬಿಕೆ. ಊರಬಾಗಿಲಿನಿಂದ ಕೆರೆ ಏರಿಯ ಕೆಳಗಿನ ಗುಡಿಯವರೆಗೆ ಹೆಚ್ಚುಕಡಿಮೆ ಅರ್ಧ ಮೈಲಿ. ಹೊತ್ತು ಇಳಿಯಲು ಆರಂಭಿಸಿದಾಗ ಮನೆಗೊಬ್ಬ ಹೆಂಗಸು ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಆರತಿಯ ತಟ್ಟೆ ಹೊತ್ತು ಬರಿಗಾಲಲ್ಲಿ ಹೊರಡುತ್ತಾಳೆ. ಸಾಲಿನಲ್ಲಿ ಯಾವ ಮನೆಯ ಮುಂದೆ ಯಾವ ಮನೆ ಎಂಬುದು ಗೊತ್ತಾದ ಸಂಗತಿ. ಒಂದೇ ಒಂದು ಕಟ್ಟಳೆ ಇದೆ: ಹೊರಟ ಮೇಲೆ ನಿಲ್ಲುವಂತಿಲ್ಲ. ಕಾದ ನೆಲದ ಮೇಲೆ ಬರಿಗಾಲಿನವರನ್ನು ಕಾಯಿಸಬಾರದು. ಮುಂದಿನವಳು ನಿಂತರೆ ಹಿಂದಿನವಳು ದಾಟಿಕೊಂಡು ಹೋಗಬೇಕು. ಹಾಗೆ ದಾಟಿದ ಮೇಲೆ ಆ ಸ್ಥಾನ ದಾಟಿದ ಮನೆಯದು. ಮುಂದಿನ ವರ್ಷಕ್ಕೂ, ಅದರಾಚೆಗೂ. ಆರತಿಗೆ ಬಾರದ ಮನೆ ತಾನಾಗಿ ಕೊನೆಗೆ ಹೋಗುತ್ತದೆ.

ನಮ್ಮ ಮನೆಯದು ಮೂರನೆಯ ಆರತಿ. ಅವ್ವ ಮದುವೆಯಾಗಿ ಬಂದಾಗ ಅದು ಹದಿನಾಲ್ಕನೆಯದಾಗಿತ್ತಂತೆ. ಯಾರು ಎಲ್ಲಿ ಕೆಮ್ಮಲು ನಿಂತರು, ಯಾರ ಕಾಲಿಗೆ ಯಾವ ಮುಳ್ಳು ಚುಚ್ಚಿತು, ಯಾರು ಸೆರಗು ಸರಿಮಾಡಿಕೊಳ್ಳಲು ಹೋಗಿ ಕೆಟ್ಟರು ಎಂಬುದನ್ನೆಲ್ಲ ಅವಳು ವರ್ಷವಾರು ಹೇಳಬಲ್ಲಳು. ಹನ್ನೊಂದು ಮನೆಗಳನ್ನು ನಡೆದೇ ಗೆದ್ದವಳು. ನಾನು ಎಂ.ಎ. ಪಾಸಾದಾಗ ಅವಳು ಊರಿಗೆ ಸಿಹಿ ಹಂಚಿದ್ದು ನಿಜ. ಆದರೆ ಮೂರನೆಯ ಸ್ಥಾನಕ್ಕೆ ಬಂದ ವರ್ಷ ಅವಳು ಪಟ್ಟ ಸಂತೋಷಕ್ಕೆ ನನ್ನ ಪದವಿಯ ಸಂತೋಷವನ್ನು ಹೋಲಿಸಿ ನೋಡುವ ಧೈರ್ಯ ನಾನು ಎಂದೂ ಮಾಡಿಲ್ಲ.

ಆ ವರ್ಷ ಫಾಲ್ಗುಣದಲ್ಲಿಯೇ ಅವಳ ಮಂಡಿ ಊದಿಕೊಂಡಿತು. ಫೋನು ಬಂತು.

“ಈ ಸಲ ಆರ್ತಿ ನೀನೇ ಹೊರ್ಬೇಕು ಕಣ್ ಮಗ.”

“ಅವ್ವ, ನಮ್ಮ ಕಾಲೇಜಿನ ಸರ್ ಬರ್ತಾವ್ರೆ. ನಾನು ಅವ್ರ ಜೊತೇಲಿರ್ಬೇಕು.”

“ಅವ್ರಿಗೇನ್ ಕಣ್ಣಿಲ್ವಾ, ಕೈಹಿಡ್ದು ತೋರ್ಸಕ್ಕೆ? ನಮ್ಮನೇಲಿ ಹೆಣ್ಣು ಅಂತ ಇರೋದು ನೀನೊಬ್ಳು. ನೀನ್ ಹೊರ್ನಿಲ್ಲ ಅಂದ್ರೆ ನಾನೇ ಹೊತ್ಕಂಡು ತೆವುಳ್ಕಂಡ್ ಹೋಯ್ತೀನಿ. ಪಕ್ಕದ್ಮನೆಯವ್ಳು ನನ್ ಮಂಡಿ ಎಷ್ಟು ಊದೈತೆ ಅಂತ ದಿನಾ ಬಂದು ನೋಡ್ಕಂಡು ಹೋಯ್ತಾವ್ಳೆ.”

ಪಕ್ಕದ ಮನೆಯ ದೊಡ್ಡವ್ವನದು ನಾಲ್ಕನೆಯ ಆರತಿ. ಅವಳು ಅಂಥ ಕೆಟ್ಟವಳೇನಲ್ಲ. ಊತಕ್ಕೆ ಹರಳೆಲೆ ಕಟ್ಟಿದವಳೂ ಅವಳೇ.

ನಾನು ಒಪ್ಪಿದೆ. ಸಿಬ್ಬಂದಿ ಕೊಠಡಿಯಲ್ಲಿ ಇದನ್ನು ಹೇಗೆ ಹೇಳಬೇಕೆಂದು ಎರಡು ದಿನ ಯೋಚಿಸಿದೆ. ‘ಈ ಸಮುದಾಯದ ಮಹಿಳೆಯರು’ ಎಂದು ಬರೆದವಳೇ ತಲೆಯ ಮೇಲೆ ತಟ್ಟೆ ಹೊತ್ತು ಬಂದರೆ ಅವಲೋಕನದ ಗತಿಯೇನು? ಕೊನೆಗೆ “ಈ ಬಾರಿ ಸಹಭಾಗಿ ಅವಲೋಕನ ಮಾಡಬೇಕೆಂದಿದ್ದೇನೆ ಸರ್” ಎಂದೆ. ಮುಖ್ಯಸ್ಥರು ನನ್ನ ಪದಪ್ರಯೋಗವನ್ನು ಮೆಚ್ಚಿದರು.

ಇದೇ ವೇಳೆಗೆ ತುಮಕೂರಿನಲ್ಲಿ ನಾನು ಬಾಡಿಗೆಗಿರುವ ಬಡಾವಣೆಯಲ್ಲಿಯೂ ಒಂದು ಬೇಸಿಗೆ ಉತ್ಸವ ನಡೆಯಿತು. ನಲ್ಲಿಯಲ್ಲಿ ನೀರು ಬಂದು ವಾರ ಕಳೆದಿತ್ತು. ನಿವಾಸಿಗಳ ಸಂಘದವರು ಒಂದು ಟ್ಯಾಂಕರು ತರಿಸಿ, ಮೇಲಿನಿಂದ ಪೈಪು ಬಿಟ್ಟು, ಸ್ಪೀಕರ್ ಹಾಕಿ ಮಳೆನೃತ್ಯ ಏರ್ಪಡಿಸಿದ್ದರು. ಬ್ಯಾಂಕಿನ ನಿವೃತ್ತ ಅಧಿಕಾರಿಗಳು, ದಂತವೈದ್ಯರು, ಇಂಜಿನಿಯರುಗಳು ಕೈಗಳನ್ನು ಆಕಾಶಕ್ಕೆತ್ತಿ ನೆನೆದು ಕುಣಿದರು. ಕುಣಿತ ಮುಗಿದ ಮೇಲೆ ಅವರವರ ಮನೆಗೆ ಹೋಗಿ ಸ್ನಾನಕ್ಕೆ ನೀರಿಲ್ಲವೆಂದು ಸಂಘಕ್ಕೆ ದೂರು ಕೊಟ್ಟರು. ಅದನ್ನು ಪೇಗನ್ ಎಂದು ಯಾರೂ ಕರೆಯಲಿಲ್ಲ. ಮುಖ್ಯಸ್ಥರೂ ಅದೇ ಬಡಾವಣೆಯವರು. ಮೊದಲ ಸಾಲಿನಲ್ಲಿಯೇ ಇದ್ದರು.

ಆರತಿಯ ದಿನ ಅವರ ಕಾರು ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಬಂದು ಮಧ್ಯಾಹ್ನ ಎರಡಕ್ಕೆ ನಮ್ಮೂರು ಸೇರಿತು. ಮುಖ್ಯಸ್ಥರು ಖಾದಿ ಜುಬ್ಬಾ, ಹುಲ್ಲಿನ ಟೋಪಿ, ದೊಡ್ಡ ಕ್ಯಾಮೆರಾ ಸಮೇತ ಇಳಿದರು. ಇಳಿದವರಿಗೆ ಮೊದಲು ಕಂಡದ್ದು ಊರಬಾಗಿಲಿಗೆ ಅಡ್ಡಲಾಗಿ ಕಟ್ಟಿದ ಫ್ಲೆಕ್ಸು. ಅದರಲ್ಲಿ ಊರಮ್ಮ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟಿದ್ದಳು. ಉಳಿದ ಜಾಗದಲ್ಲಿ ಶುಭ ಕೋರುವ ಮುಖಂಡರು ಕೈ ಮುಗಿದು ನಿಂತಿದ್ದರು.

ಎದುರುಗೊಳ್ಳಲು ಬಂದವನು ಪೂಜಾರಿ. ದೂರದ ಸಂಬಂಧದಲ್ಲಿ ನನಗೆ ಮಾವ. ಮಂಗಳವಾರ, ಶುಕ್ರವಾರ ಪೂಜೆ. ಉಳಿದ ದಿನ ಕುಣಿಗಲ್ಲಿನ ಶಾಲೆಯೊಂದರ ವ್ಯಾನು ಓಡಿಸುತ್ತಾನೆ.

“ಇದನ್ನ ಒಂದ್ ಗಂಟೆ ಮಟ್ಟಿಗೆ ತೆಗೆಸಕ್ಕಾಗುತ್ತಾ?” ಎಂದು ಮುಖ್ಯಸ್ಥರು ಫ್ಲೆಕ್ಸಿನತ್ತ ಕೈ ತೋರಿಸಿದರು. “ಫೋಟೊದಲ್ಲಿ ಪ್ರಾಚೀನತೆ ಬರಲ್ಲ.”

“ಅಮ್ಮನ್ನ ಬೇಕಾರೆ ಒಂದ್ ಗಂಟೆ ಆಚೀಚೆ ಮಾಡ್ಬೋದು ಸಾ. ಫ್ಲೆಕ್ಸ್ ಮುಟ್ಟಿದ್ರೆ ಏಟ್ ಬೀಳ್ತವೆ” ಎಂದ ಪೂಜಾರಿ ಮಾವ. “ಬನ್ನಿ, ಪಾನಕ ಕುಡೀರಿ. ಬಿಸ್ಲು ತಲೆಗೇರ್ತೈತೆ.”

ನಾನು ಮುಖ್ಯಸ್ಥರ ಅಭಿರುಚಿಯನ್ನು ನೆನೆದು ಮಾಸಲು ಬಿಳಿಯ ಕೈಮಗ್ಗದ ಸೀರೆ ಉಟ್ಟುಕೊಂಡಿದ್ದೆ. ಅವ್ವ ನೋಡಿದಳು.

“ಯಾರ್ ಮನೆ ತಿಥಿಗೆ ಹೊಂಟಿದ್ದೀ?”

“ಇದು ಕೈಮಗ್ಗದ್ದು ಕಣವ್ವ.”

“ಕೈದೋ ಕಾಲ್ದೋ, ಬಿಚ್ಚು. ಅಮ್ಮನ ಎದ್ರಿಗೆ ಬೋಳ್ ಬೋಳಾಗ್ ಹೋದಾರಾ?”

ಅವಳ ಪೆಟ್ಟಿಗೆಯಿಂದ ಗಿಳಿಹಸಿರು ಬಣ್ಣದ, ಮಿರುಗುವ ಅಂಚಿನ, ಮುಟ್ಟಿದರೆ ಚುರುಗುಟ್ಟುವ ಸೀರೆ ಹೊರಬಂತು. ಆ ಬಿಸಿಲಿನಲ್ಲಿ ಅದನ್ನು ಉಡುವುದೆಂದರೆ ಟಾರ್ಪಾಲು ಸುತ್ತಿಕೊಂಡ ಹಾಗೆ. ಉಟ್ಟೆ. ಅಂಗಳದಲ್ಲಿ ನೋಡಿದ ಮುಖ್ಯಸ್ಥರು, “ನೋಡಮ್ಮ, ಇದು ಸಹಜ. ಆ ಬಿಳಿ ಸೀರೆ ಸ್ವಲ್ಪ ಸೆಮಿನಾರ್ ಥರ ಇತ್ತು” ಎಂದರು.

ಹೊರಡುವ ಮೊದಲು ಅವ್ವ ನನ್ನ ತಲೆಯ ಮೇಲೆ ಸಿಂಬೆ ಇಟ್ಟು, ಕನಕಾಂಬರ ಸುತ್ತಿದ ಆರತಿಯ ತಟ್ಟೆಯನ್ನು ತಾನೇ ಎತ್ತಿ ಕೂರಿಸಿದಳು. “ಬಲಕ್ಕೆ ವಾಲ್ಬೇಡ. ನೆಲ ಸುಟ್ರೆ ಜೋರಾಗಿ ನಡಿ, ನಿಲ್ಬೇಡ. ಯಾರ್ ಕರುದ್ರೂ ತಿರುಗ್ಬೇಡ. ನಾನ್ ಗುಡಿ ತಾವ ಕೂತಿರ್ತೀನಿ” ಎಂದಳು. ಆಮೇಲೆ ಪೂಜಾರಿ ಮಾವನ ಬೈಕಿನ ಹಿಂದೆ ಕುಳಿತು, ನೋಯುವ ಕಾಲನ್ನು ಮುಂದಕ್ಕೆ ಚಾಚಿಕೊಂಡು ಗುಡಿಗೆ ಹೋದಳು.

ತಮಟೆ ಶುರುವಾಯಿತು. ಸಾಲು ಹೊರಟಿತು. ನನ್ನ ಹಿಂದೆ ಪಕ್ಕದ ಮನೆಯ ದೊಡ್ಡವ್ವ.

“ಏನವ್ವಾ, ತಲೆಯೊಳ್ಗೆ ಅಷ್ಟೊಂದ್ ಓದೈತೆ. ಆರ್ತಿ ತಟ್ಟೆ ಕೂರಕ್ಕೆ ಜಾಗ ಉಳ್ದೈತಾ?” ಎಂದಳು ದೊಡ್ಡವ್ವ.

“ಉಳ್ದೈತೆ ದೊಡ್ಡವ್ವ.”

“ಹಂಗೇ ಒಂದ್ ತಾಳಿ ಕೂರಕ್ಕೂ ಕುತ್ಗೇಲಿ ಜಾಗ ನೋಡ್ಕ.”

ಹಿಂದಿನವರೆಲ್ಲ ನಕ್ಕರು. ನಾನೂ ತಟ್ಟೆ ಅಲುಗದಷ್ಟು ನಕ್ಕೆ. ಕೆಲವೇ ದಿನಗಳ ಹಿಂದೆ ಹೊಸದಾಗಿ ಹಾಕಿದ್ದ ಡಾಂಬರು ಕಾದು ಮೆತ್ತಗಾಗಿತ್ತು. ಹೆಜ್ಜೆ ಇಟ್ಟರೆ ಅಂಟುತ್ತಿತ್ತು, ಎತ್ತಿದರೆ ಚರ್ಮ ಎಳೆಯುತ್ತಿತ್ತು. ನನ್ನ ಪ್ರಬಂಧದಲ್ಲಿ ‘ಭೂಸ್ಪರ್ಶದ ಮೂಲಕ ಪ್ರಕೃತಿಯೊಂದಿಗೆ ಅನುಸಂಧಾನ’ ಎಂಬ ಒಂದು ವಾಕ್ಯವಿತ್ತು. ಅದನ್ನು ಬರೆದಾಗ ನನ್ನ ಕಾಲಿನಲ್ಲಿ ಚಪ್ಪಲಿ ಇತ್ತು. ಅಂಗಾಲು ಉರಿಯುತ್ತಿರುವಾಗ ಮನುಷ್ಯನಿಗೆ ಪ್ರಕೃತಿಯ ವಿಚಾರ ಬರುವುದಿಲ್ಲ. ಮುಂದಿನ ಮರದ ನೆರಳು ಇನ್ನೆಷ್ಟು ದೂರ ಎಂಬುದೊಂದೇ ಬರುತ್ತದೆ. ಅವ್ವ ಇಷ್ಟು ವರ್ಷ ಇದನ್ನು ನಡೆದಳು ಎಂಬುದು ನನಗೆ ಆ ರಸ್ತೆಯ ಮೇಲೆ ಮೊದಲ ಸಲ ತಿಳಿಯಿತು. ಬರೆದದ್ದು ತಿಳಿದದ್ದಲ್ಲ.

ಅರ್ಧ ದಾರಿಯಲ್ಲಿ ರಸ್ತೆ ತಿರುಗುವ ಕಡೆ ಒಂದು ಹೊಂಗೆಯ ಮರ. ಅದರ ಕೆಳಗೆ ಮುಖ್ಯಸ್ಥರು ಒಂದು ಮಂಡಿ ಊರಿ, ಕ್ಯಾಮೆರಾ ಹಿಡಿದು ಕಾದಿದ್ದರು. ಮೊದಲನೆಯ ಆರತಿ ಹೋಯಿತು. ಎರಡನೆಯದೂ ಹೋಯಿತು. ನಾನು ಬಂದೆ.

“ಒಂದ್ ನಿಮಿಷ ಮೇಡಂ. ಅಲ್ಲೇ ನಿಲ್ಲಿ” ಎಂದರು.

ಇದನ್ನು ಬರೆಯುವಾಗಲೂ ನನಗೆ ಅರ್ಥವಾಗದ ಸಂಗತಿ ಇದು: ನನ್ನ ಬುದ್ಧಿ ಆ ಮಾತನ್ನು ಕೇಳುವ ಮೊದಲೇ ನನ್ನ ಕಾಲುಗಳು ಕೇಳಿದ್ದವು. ಒಂದನೆಯ ತರಗತಿಯಿಂದ ಎಂ.ಎ.ವರೆಗೆ, ಅಲ್ಲಿಂದ ಏಳು ವರ್ಷದ ಅತಿಥಿಗಿರಿಯವರೆಗೆ, ಸಾರ್ ನಿಲ್ಲು ಎಂದಾಗ ನಿಂತೇ ನಾನು ಇಷ್ಟು ಮೇಲೆ ಬಂದದ್ದು. ನಿಂತೆ.

ದೊಡ್ಡವ್ವ ಹಿಂದಿನಿಂದ ಒಂದು ಕ್ಷಣ ನಿಧಾನಿಸಿದಳು. “ನಡಿಯವ್ವ” ಎಂದಳು. ಆಮೇಲೆ ಸ್ವಲ್ಪ ಜೋರಾಗಿ, “ಕಾಲ್ ಸುಡ್ತೈತೆ, ನಡ್ಯವ್ವಾ” ಎಂದಳು.

“ತಲೆ ಸ್ವಲ್ಪ ಎಡಕ್ಕೆ. ದೀಪ ಕಾಣ್ತಿಲ್ಲ. ಬಿಸಿಲಿಗೆ ಜ್ವಾಲೆ ಬೀಳ್ತಾ ಇಲ್ಲ” ಎಂದರು ಮುಖ್ಯಸ್ಥರು.

ನಾನು ತಲೆಯನ್ನು ಎಡಕ್ಕೆ ತಿರುಗಿಸಿದೆ.

“ನಿಂತೋರ್ನ ದಾಟ್ಲೇಬೇಕು ಕಣವ್ವ. ನಾನೇನ್ ಮಾಡ್ಲಿ” ಎಂದು ಹೇಳಿ ದೊಡ್ಡವ್ವ ನನ್ನನ್ನು ಬಳಸಿಕೊಂಡು ಮುಂದೆ ಹೋದಳು. ಅವಳ ದನಿಯಲ್ಲಿ ಹಿಗ್ಗಿರಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಅವಳ ಬೆನ್ನು ಮಾತ್ರ ಸ್ವಲ್ಪ ನೆಟ್ಟಗಾಯಿತು.

ಆಗಲಾದರೂ ಹೊರಡಬಹುದಾಗಿತ್ತು. ನಾಲ್ಕನೆಯವಳಾಗಿ ಉಳಿಯುತ್ತಿದ್ದೆ. ಆದರೆ “ಇನ್ನೊಂದೇ, ಇನ್ನೊಂದೇ” ಎಂದು ಕ್ಯಾಮೆರಾ ಹೇಳುತ್ತಿತ್ತು. ಅಪ್ಪಣೆಯಿಲ್ಲದೆ ತರಗತಿಯಿಂದ ಹೊರಗೆ ಹೋಗುವುದನ್ನು ನಾನು ಕಲಿತಿರಲಿಲ್ಲ. ಐದನೆಯ ಮನೆ ದಾಟಿತು. ಆರನೆಯವಳು “ಏನಾಗೈತೆ ಇವ್ಳಿಗೆ, ಬಿಸ್ಲು ಬಡೀತಾ?” ಎಂದು ಹಿಂದಿನವಳನ್ನು ಕೇಳುತ್ತ ದಾಟಿದಳು. ಹಸಿರು ಸೀರೆ, ಕೆಂಪು ಸೀರೆ, ಹಳದಿ ಸೀರೆ, ನನ್ನ ಜೊತೆ ಶಾಲೆಗೆ ಬಂದು ಏಳನೆಯ ತರಗತಿಗೇ ಬಿಟ್ಟವಳು, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಒಬ್ಬ ಸೊಸೆ. ಆ ಸೊಸೆ ನನ್ನನ್ನು ಕಂಡು ಪಾಪವೆನಿಸಿ ತಾನೂ ನಿಲ್ಲಲು ಹೋದಳು. ಅವಳ ಅತ್ತೆ ರಸ್ತೆಯಂಚಿನಿಂದ ಗದರಿ ಓಡಿಸಿದಳು. ಅಂಥ ಅತ್ತೆ ನನಗೂ ಒಬ್ಬಳಿದ್ದಿದ್ದರೆ ಎಂದು ಜೀವನದಲ್ಲಿ ಮೊದಲ ಬಾರಿಗೆ ಅನಿಸಿತು.

“ಆಯ್ತು ಮೇಡಂ, ಅದ್ಭುತ” ಎಂದು ಮುಖ್ಯಸ್ಥರು ಎದ್ದಾಗ ರಸ್ತೆಯಲ್ಲಿ ನನ್ನ ಹಿಂದೆ ಯಾರೂ ಇರಲಿಲ್ಲ.

ಗುಡಿಯ ಮುಂದೆ ಬೇವಿನ ಮರದ ಕಟ್ಟೆಯ ಮೇಲೆ ಅವ್ವ ಕುಳಿತಿದ್ದಳು. ಮೂರನೆಯದಾಗಿ ದೊಡ್ಡವ್ವ ಬಂದಾಗ ಅವಳು ಎದ್ದು ನಿಂತಳಂತೆ. ಹತ್ತನೆಯದು ಬಂದಾಗ ಕೂತಳಂತೆ. ನಾನು ಕೊನೆಯವಳಾಗಿ ಬಂದಾಗ ಅವಳು ನನ್ನ ಮುಖವನ್ನು ನೋಡಲಿಲ್ಲ, ತಟ್ಟೆಯನ್ನು ನೋಡಿದಳು. ದೀಪ ಉರಿಯುತ್ತಿತ್ತು.

“ಬಿದ್ದಾ?” ಎಂದಳು.

“ಇಲ್ಲ.”

“ಮುಳ್ ಚುಚ್ತಾ?”

“ಇಲ್ಲ ಕಣವ್ವ. ಸರ್ ನಿಲ್ಲಿ ಅಂದ್ರು.”

ಅವ್ವ ಎರಡೂ ಕೈಗಳಿಂದ ಮಂಡಿಯನ್ನು ನೀವಿಕೊಂಡಳು. ಬಿದ್ದಿದ್ದೆ ಎಂದು ಸುಳ್ಳು ಹೇಳಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತೆಂದು ನನಗೆ ಆಮೇಲೆ ಹೊಳೆಯಿತು. ಬಿದ್ದವರನ್ನು ಊರು ಮರುಗಿ ನೆನೆಯುತ್ತದೆ. ನಿಂತವರಿಗೆ ಆ ಸೌಲಭ್ಯವಿಲ್ಲ.

“ಅವರು ನಿಲ್ಲು ಅಂದ್ರು, ನೀನ್ ನಿಂತೆ” ಎಂದು ಕೊನೆಗೆ ಹೇಳಿದಳು. “ಓದ್ಸಿದ್ದು ಇದ್ಕೇಯಾ?”

ನನ್ನ ಆರತಿ ಒಳಗೆ ಹೋದ ಮೇಲೆ ಮಂಗಳಾರತಿಯಾಗಿ ಊಟಕ್ಕೆ ಎಲೆ ಹಾಕಿದರು. ಪಕ್ಕದಲ್ಲಿಯೇ ಮುಖ್ಯಸ್ಥರು ಮುತ್ತುಗದೆಲೆಯಲ್ಲಿ ಮೊಸರನ್ನ ತಿನ್ನುತ್ತ, ಈ ಜನರಲ್ಲಿ ಸಾಲು, ಸ್ಥಾನ, ಮೇಲು ಕೀಳು ಎಂಬ ಭಾವನೆಯೇ ಇಲ್ಲ, ಅದೇ ಪೇಗನ್ ಬದುಕಿನ ಸೊಗಸು ಎಂದು ಪೂಜಾರಿ ಮಾವನಿಗೆ ವಿವರಿಸುತ್ತಿದ್ದರು. ಮಾವ “ಹೂಂ ಸಾ” ಎನ್ನುತ್ತ ಇನ್ನೊಂದು ಸೌಟು ಬಡಿಸಿದ.

ಸಂಕಿರಣದ ಪುಸ್ತಕ ಮಳೆಗಾಲದಲ್ಲಿ ಬಂತು. ನನ್ನ ಪ್ರಬಂಧದ ಎದುರು ಪುಟದಲ್ಲಿ ನನ್ನ ಫೋಟೊ ಇತ್ತು. ತಲೆ ಎಡಕ್ಕೆ ವಾಲಿತ್ತು. ಜ್ವಾಲೆ ಸ್ಪಷ್ಟವಾಗಿ ಬಿದ್ದಿತ್ತು. ಕೆಳಗೆ ‘ಆರತಿ ಹೊತ್ತ ಗ್ರಾಮೀಣ ಮಹಿಳೆ, ಕುಣಿಗಲ್ ತಾಲ್ಲೂಕು’ ಎಂದು ಅಚ್ಚಾಗಿತ್ತು. ಪ್ರಬಂಧದ ಲೇಖಕಿಯೂ ಫೋಟೊದ ಮಹಿಳೆಯೂ ಒಬ್ಬಳೇ ಎಂದು ಯಾರಿಗೂ ಅನಿಸಲಿಲ್ಲ. ಅಚ್ಚಿನ ಕರಡು ತಿದ್ದಿದವಳು ನಾನೇ. ಆ ಸಾಲಿನಲ್ಲಿ ತಪ್ಪೇನೂ ಕಾಣದ ಕಾರಣ ಹಾಗೆಯೇ ಬಿಟ್ಟಿದ್ದೆ. ನನ್ನನ್ನು ಎಂಟನೆಯ ವರ್ಷಕ್ಕೂ ಅತಿಥಿಯಾಗಿ ಕರೆದರು.

ಅವ್ವ ನನ್ನೊಂದಿಗೆ ಮಾತು ಬಿಡಲಿಲ್ಲ. ಆದರೆ ಸಾಲಿನ ಮಾತು ಬಂದಾಗಲೆಲ್ಲ ಮಾತನ್ನು ಎಮ್ಮೆಯ ಕಡೆಗೋ ಮಂಡಿಯ ಕಡೆಗೋ ತಿರುಗಿಸುತ್ತಿದ್ದಳು. ಮರುವರ್ಷ ಯುಗಾದಿ ಬಂತು. ಮಂಡಿ ಇನ್ನಷ್ಟು ಕೆಟ್ಟಿತ್ತು. ನಾನು ಈ ಸಲ ಯಾರನ್ನೂ ಕರೆದಿರಲಿಲ್ಲ. ಹಿಂದಿನ ರಾತ್ರಿಯೇ ತಂಬಿಟ್ಟು ಕಟ್ಟಿ, ಬೆಳಿಗ್ಗೆ ಹಸಿರು ಸೀರೆಯನ್ನು ನಾನೇ ತೆಗೆದಿಟ್ಟುಕೊಂಡೆ. ಕೊನೆಯಿಂದಲೇ ಆರಂಭಿಸುತ್ತೇನೆ, ವರ್ಷಕ್ಕೆ ಒಂದೊಂದೇ ಮನೆಯನ್ನು ದಾಟುತ್ತೇನೆ ಎಂದು ಮನಸ್ಸಿನಲ್ಲಿಯೇ ಒಂದು ಭಾಷಣ ಸಿದ್ಧಮಾಡಿದ್ದೆ.

ಅವ್ವ ಸೀರೆಯನ್ನು ನನ್ನ ಕೈಯಿಂದ ಇಸಿದುಕೊಂಡಳು.

“ನಾನೇ ಹೊರ್ತೀನಿ.”

“ನಿನ್ನ ಮಂಡಿ ಅವ್ವ. ಅರ್ಧ ದಾರೀಲಿ ನಿಂತ್ಬುಟ್ರೆ?”

“ನಿಂತ್ಕತೀನಿ. ಹಿಂದೆ ಯಾರವ್ರೆ ದಾಟಕ್ಕೆ? ಬೇಕಾದ್ರೆ ಕೂತ್ಕಂಡೂ ಹೋಯ್ತೀನಿ, ಬುಡು.”

ಹಾಗೆಯೇ ಆಯಿತು. ತಮಟೆಯ ಜೊತೆ ಸಾಲು ಮುಂದೆ ಹೋಯಿತು. ಎಲ್ಲ ಆರತಿಗಳೂ ಗುಡಿ ಸೇರಿದವು. ಕೊನೆಯ ಆರತಿ ಮುಟ್ಟದೆ ಮಂಗಳಾರತಿ ಇಲ್ಲ. ಮಂಗಳಾರತಿಯಾಗದೆ ಊಟಕ್ಕೆ ಎಲೆ ಹಾಕುವಂತಿಲ್ಲ. ಮೂರನೆಯವಳಾಗಿದ್ದಷ್ಟು ಕಾಲವೂ ಅವ್ವ ಹಿಂದಿನವಳಿಗೆ ಹೆದರಿ ನಡೆದಿದ್ದಳು. ಈಗ ಊರೇ ಅವಳಿಗಾಗಿ ಕಾಯಬೇಕಾಯಿತು. ಅವಳು ಹೊಂಗೆಯ ನೆರಳಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಇನ್ನೊಂದು ಕಡೆ ಮೈಲಿಕಲ್ಲಿಗೆ ಒರಗಿದಳು. ತಟ್ಟೆ ಮಾತ್ರ ತಲೆಯಿಂದ ಇಳಿಯಲಿಲ್ಲ. ನಾನು ಬರಿಗೈಯಲ್ಲಿ ಅವಳ ಪಕ್ಕದಲ್ಲಿ ನಡೆದೆ.

ಗುಡಿಯ ಕಡೆಯಿಂದ ಹಸಿದ ಗಂಡಸರ ಗುಂಪೊಂದು ಪೂಜಾರಿ ಮಾವನನ್ನು ಮುಂದಿಟ್ಟುಕೊಂಡು ಬಂತು.

“ಅಕ್ಕಯ್ಯ, ಸ್ವಲ್ಪ ಬಿರ್ನೆ ಬಾ. ಸಾರು ಆರೋಯ್ತಾ ಐತೆ” ಎಂದ ಮಾವ.

“ನೆಲ ಸುಡ್ತೈತೆ ಕಣಪ್ಪ. ನಾನೇನ್ ಹಾರ್ಕಂಡ್ ಬರ್ಲಾ?”

ಮಾವ ಅತ್ತಿತ್ತ ನೋಡಿ, ಪಕ್ಕದ ತೋಟದ ಬೋರಿನಿಂದ ಬಿಂದಿಗೆಗಳಲ್ಲಿ ನೀರು ತರಿಸಿದ. ಊರ ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು, ಗೊಣಗುತ್ತ, ಅವ್ವನ ಹೆಜ್ಜೆಯ ಮುಂದೆ ಮುಂದೆ ರಸ್ತೆಗೆ ನೀರು ಸುರಿಯುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು. ಕಾದ ಡಾಂಬರಿನಿಂದ ಹಬೆ ಎದ್ದು ಮಣ್ಣಿನ ವಾಸನೆ ಬಂತು. ಅವ್ವ ಒದ್ದೆ ನೆಲದ ಮೇಲೆ ಒಂದು ಕಾಲಿಟ್ಟಳು, ಸ್ವಲ್ಪ ತಡೆದು ಇನ್ನೊಂದನ್ನು ಇಟ್ಟಳು. ಆಮೇಲೆ ಮುಂದೆ ಹೋಗದೆ ನಿಂತಳು.

“ಈ ಕಡೆಗೆ ಸರಿಯಾಗ್ ಬಿದ್ದಿಲ್ಲ. ಇನ್ನೊಂದ್ ಬಿಂದ್ಗೆ ಹುಯ್ಯಿ” ಎಂದಳು.